ಐದನೆಯ ಕಾಲಂನ ನಕ್ಷತ್ರ

"ದೊಡ್ಡಕ್ಕನ ನೂರು ಫಾರಂ ತೆಗೆದುಹಾಕಿ ಪಟ್ಟಿ ಮತ್ತೆ ಮಾಡಮ್ಮ," ಎಂದ ಸೂಪರ್‌ವೈಸರ್. "ಒಂದು ಗಂಟೆಗೆ ವರದಿ ಹೋಗ್ಬೇಕು. ಹೊರಗೆ ಕೂತಿದ್ದಾರೆ, ನಾಳೆಯಿಂದ ಬರೋದು ಬೇಡ ಅಂತ ನಾನೇ ಹೇಳ್ತೀನಿ."

ಆಫೀಸಿನವರೆಲ್ಲ ಅಂಕಿಯಮ್ಮ ಎಂದು ಕರೆಯುವ ಆ ಹೆಂಗಸು ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. ಈ ಬೆಂಕಿ ಹಚ್ಚಿದವಳು ಅವಳೇ. ಐನೂರು ಮನೆ, ಐವರು ಸರ್ವೆಯವರು, ಒಬ್ಬೊಬ್ಬರಿಗೆ ನೂರು. ‘ಮನೆಯಲ್ಲಿ ಯಾರಾದರೂ ನಿಮ್ಮ ಮೇಲೆ ಕೈ ಮಾಡುತ್ತಾರೆಯೇ?’ ಎಂಬ ಪ್ರಶ್ನೆಗೆ ಹೌದು ಎಂದ ಹೆಂಗಸರು ನಾಲ್ವರ ಕಾಲಂಗಳಲ್ಲಿ ಐದು, ನಾಲ್ಕು, ಆರು, ಐದು. ಐದನೆಯದು ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕನದು, ಅಲ್ಲಿ ಮೂವತ್ತೊಂದು. ಆಕಸ್ಮಿಕ ಎಂದು ತಳ್ಳಿಹಾಕಲಾಗದಷ್ಟು ವ್ಯತ್ಯಾಸ ಕಂಡರೆ ಕಂಪ್ಯೂಟರು ತಾನೇ ಅಂಕಿಯ ಪಕ್ಕ ಒಂದು ನಕ್ಷತ್ರ ಹಾಕುತ್ತದೆ. ಹಾಕಿತ್ತು. ಅದನ್ನು ನೋಡಿದ್ದೇ ತಡ, "ಇದು ಮನೇಲಿ ಕೂತು ಗೀಚಿದ್ದು," ಎಂದು ಬೆಳಿಗ್ಗೆ ಬಾಯಿಬಿಟ್ಟಿದ್ದಳು.

ಬಾಗಿಲ ಗಾಜಿನಾಚೆ ದೊಡ್ಡಕ್ಕ ಬೆಂಚಿನ ಮೇಲೆ ಕೂತು ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದಳು. ಮನೆಯಲ್ಲೇ ಗೀಚಿದವಳ ಕಾಲು ಹಾಗೆ ಸವೆದಿರುತ್ತದೆಯೇ? ಅಂಕಿಯಮ್ಮ ಅಳಿಸಬೇಕಾದ ಫಾರಂಗಳನ್ನು ತೆರೆದಳು. ಭೇಟಿಯ ಸಮಯ: ಹನ್ನೊಂದು ಹತ್ತು. ಹನ್ನೊಂದು ಐವತ್ತು. ಹನ್ನೆರಡೂವರೆ. ನೂರಕ್ಕೆ ನೂರೂ ಹೀಗೆಯೇ. ಉಳಿದವರದನ್ನು ತೆರೆದಳು. ಆರೂವರೆ, ಏಳು, ಏಳೂಕಾಲು. ಸಂಜೆ ಹೋದರೆ ಎಲ್ಲರೂ ಸಿಗುತ್ತಾರೆ ಎಂದು ಅವರನ್ನು ಅಟ್ಟಿದವನು ಸೂಪರ್‌ವೈಸರ್ರೇ. ಎಲ್ಲರೂ ಸಿಕ್ಕಿದ್ದರು, ಗಂಡಂದಿರೂ ಸೇರಿ.

"ಆಯ್ತಾ?"

"ಒಂದು ನಿಮಿಷ ಸಾರ್."

"ಇರೋದೇ ಇಪ್ಪತ್ತು ನಿಮಿಷ ಕಣಮ್ಮ."

ಆ ನಾಲ್ವರೂ ಅಪ್ಪಿತಪ್ಪಿ ಹಗಲು ಹೊತ್ತು ಹೋಗಿದ್ದ ಮನೆಗಳು ಐವತ್ತೆಂಟು ಸಿಕ್ಕವು. ಅವನ್ನು ಬೇರೆ ಮಾಡಿ ದೊಡ್ಡಕ್ಕನ ನೂರರ ಪಕ್ಕ ನಿಲ್ಲಿಸಿ ಗುಂಡಿ ಒತ್ತಿದಳು. ಇಲ್ಲಿಯೂ ನಕ್ಷತ್ರ ಬಂದರೆ ದೊಡ್ಡಕ್ಕ ಸುಳ್ಳಿಯೇ ಸರಿ.

ಐವತ್ತೆಂಟಕ್ಕೆ ಹದಿನೇಳು. ನೂರಕ್ಕೆ ಇಪ್ಪತ್ತೊಂಬತ್ತರ ಲೆಕ್ಕ. ನಕ್ಷತ್ರ ಬರಲಿಲ್ಲ.

ಸೂಪರ್‌ವೈಸರ್ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. "ಎಲ್ಲಿ ಹೋಯ್ತು ಅದು?"

ಹಗಲಿನ ಮನೆಗಳನ್ನೂ ಸಂಜೆಯ ಮನೆಗಳನ್ನೂ ಅಕ್ಕಪಕ್ಕ ಇಟ್ಟು ಮತ್ತೆ ಒತ್ತಿದಳು. "ಈಗ ನೋಡಿ, ಇಲ್ಲಿ ಬಂತು. ಗಂಡ ಎದುರಿಗಿದ್ರೆ ಯಾರು ಹೌದು ಅಂತಾರೆ? ದೊಡ್ಡಕ್ಕ ಬರೆದಿರೋದು ನಿಜ. ಬೆಳಿಗ್ಗೆ ನಾನು ಹಾಗೆ ಅಂದಿದ್ದು ತಪ್ಪು ಸಾರ್." ಅವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಅವನು ತೆಗೆಯಲಿಲ್ಲ.

ಒಳಗೆ ಕರೆದಾಗ ದೊಡ್ಡಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಕೆಲಸ ಉಳಿಯಿತು ಎಂದಾಗಲೂ ಮುಖ ಅರಳಲಿಲ್ಲ. ಅವಳ ಬೆರಳು ಸಂಜೆಯ ಕಾಲಂನ ಮೇಲೆ ನಿಂತಿತ್ತು: ಮುನ್ನೂರ ನಲವತ್ತೆರಡು ಮನೆ, ಹೌದು ಎಂದವರು ಮೂವರು.

"ಇವರನ್ನೆಲ್ಲ ಯಾರು ಹೋಗಿ ಕೇಳ್ತಾರೆ?"

ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಐದು ನಿಮಿಷವಿತ್ತು. ಅಂಕಿಯಮ್ಮ ವರದಿಯನ್ನು ಬದಿಗೆ ಸರಿಸಿ, ಸಂಜೆಯ ಮನೆಗಳ ವಿಳಾಸಗಳನ್ನು ಪ್ರಿಂಟಿಗೆ ಹಾಕಿದಳು.

ದೊಡ್ಡಕ್ಕ ಬಾಗಿಲ ಬಳಿ ಗೋಡೆ ಹಿಡಿದು ನಿಂತು, ಕಾಲನ್ನು ಚಪ್ಪಲಿಯೊಳಗೆ ತೂರಿಸಿದಳು. ಹಾಳೆಗಳು ಒಂದೊಂದಾಗಿ ಹೊರಬೀಳುತ್ತಲೇ ಇದ್ದವು.