ತಿಂಗಳಿಗೊಮ್ಮೆ ನೋಡುವವರು

ಅತ್ತೆ ಶಾಂತಮಲ್ಲಮ್ಮ ಎರಡು ವರ್ಷ ಆ ತುರಿಕೆಯನ್ನು ಮುಚ್ಚಿಟ್ಟಿದ್ದರು. ಚಾಮರಾಜನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ನಯನಾ ವರದಿ ನೋಡಿ, ಯೋನಿಯ ಹೊರತುಟಿಯಲ್ಲಿ ಕ್ಯಾನ್ಸರ್, ಹುಣಿಸೆ ಬೀಜದಷ್ಟಿದೆ ಎಂದರು. ಗಂಟನ್ನೂ ಸುತ್ತಲಿನ ಒಂದಿಷ್ಟು ಚರ್ಮವನ್ನೂ ಮಾತ್ರ ತೆಗೆಯುತ್ತಾರಂತೆ. ಬಣ್ಣದ ಔಷಧಿ ಚುಚ್ಚಿ, ಅದು ತೊಡೆಸಂದಿಯಲ್ಲಿ ಮೊದಲು ಸೇರುವ ಗ್ರಂಥಿಯನ್ನು ಪರೀಕ್ಷಿಸುತ್ತಾರಂತೆ. ಅದರಲ್ಲಿ ಏನೂ ಇಲ್ಲದಿದ್ದರೆ ಉಳಿದದ್ದನ್ನು ಮುಟ್ಟುವುದಿಲ್ಲ. ಆಮೇಲೆ ತಪಾಸಣೆಗೆ ಬರುತ್ತಿರಬೇಕು. ಮನೆಯಲ್ಲೂ ತಿಂಗಳಿಗೊಮ್ಮೆ ಯಾರಾದರೂ ಬೆಳಕಿನಲ್ಲಿ ನೋಡಬೇಕು.

"ಎಲ್ಲಾ ತಗ್ದಾಕ್ಬುಡಿ," ಎಂದರು ಅತ್ತೆ. "ಅರಿಶಿಣದ ಗೆಡ್ಡೆ ಒಂದ್ ಚೂರು ಮಣ್ಣಲ್ಲಿ ಬುಟ್ರೂ ಚಿಗುರ್ತದೆ."

ಡಾಕ್ಟರ್ ನನ್ನತ್ತ ನೋಡಿದರು. ನಾನು ವರದಿಯತ್ತ ಕಣ್ಣು ತಿರುಗಿಸಿದೆ. ಹೋದ ವರ್ಷ ನನ್ನ ಗಂಡ ದಿಲೀಪನಿಗೆ ಜ್ವರ ಬಂದಾಗ, ಮೈಸೂರಿಗೆ ಹೋಗುವುದು ಬೇಡ, ಇಲ್ಲಿಯೇ ತೋರಿಸಿದರೆ ಸಾಕು ಎಂದವಳು ನಾನು. ಮೂರನೆಯ ದಿನ ಅವನು ತೀರಿಕೊಂಡ.

ಮರುದಿನ ಗುಂಡ್ಲುಪೇಟೆಗೆ ಬಸ್ಸು ಹತ್ತಿದೆವು. ಅಲ್ಲಿರುವ ಅತ್ತೆಯ ಅಕ್ಕ ಗುರುಮಲ್ಲಮ್ಮನವರಿಗೆ ಇಪ್ಪತ್ನಾಲ್ಕು ವರ್ಷದ ಹಿಂದೆ ಇದೇ ಕಾಯಿಲೆಗೆ ಎರಡೂ ತೊಡೆಸಂದಿಯ ಗ್ರಂಥಿಗಳ ಸಮೇತ ಎಲ್ಲವನ್ನೂ ತೆಗೆದಿದ್ದರು. ಅವರು ಬದುಕಿದ್ದಾರೆ. ಅತ್ತೆಗೆ ಅಷ್ಟು ಸಾಕ್ಷಿ ಸಾಕಿತ್ತು.

ನಾನು ಅವರ ಕಾಲಿಗೆ ಬೀಳಲು ಬಗ್ಗಿದೆ. ಗ್ರಂಥಿ ತೆಗೆದಂದಿನಿಂದ ಎರಡು ಕಾಲೂ ಊದಿ ಬಿಗಿದಿದ್ದವು.

"ಒಂದ್ ಕಾಲಿಗೇ ಎರಡು ಕೈ ಬೇಕು ಕಣಮ್ಮಿ. ಇನ್ನೊಂದಕ್ಕೆ ನಾಳೆ ಬಾ," ಎಂದು ನಕ್ಕರು. ಆಮೇಲೆ ತಂಗಿಯ ಕಡೆ ತಿರುಗಿದರು. "ಇಷ್ಟಲಿಂಗ ಕೈಲಿಟ್ಕಂಡು ನೆಲದ ಮ್ಯಾಲೆ ಕೂತು ಎಷ್ಟ್ ವರ್ಸ ಆಯ್ತೋ. ಪೂಜೆಯೆಲ್ಲ ಕುರ್ಚೀಲೇ. ನನ್ನ ಯಾರೂ ಏನೂ ಕೇಳ್ನಿಲ್ಲ. ನಿನ್ನ ಕೇಳ್ತಾವ್ರಲ್ಲ, ಅದ್ಕೇ ಕೊಬ್ಬು."

"ಬದುಕಿದ್ದೀಯಲ್ಲಕ್ಕ."

"ಬದುಕಿವ್ನಿ. ಕಮ್ಮಿ ಕುಯ್ದು ಬದುಕಂಗಿದ್ರೆ ನೀನ್ಯಾಕೆ ಬ್ಯಾಡ ಅಂತೀಯ?"

ಅತ್ತೆ ತಲೆ ತಗ್ಗಿಸಿದರು. "ತಿಂಗ್ ತಿಂಗ್ಳೂ ನೋಡೋರ್ಯಾರು? ಅಲ್ಲಿಗೆ ನನ್ ಕಣ್ಣು ಓಗಲ್ಲ. ಇವ್ಳಿಗಿನ್ನೂ ಇಪ್ಪತ್ತೆಂಟು. ಇವ್ಳಣ್ಣ ಸಂಬಂಧ ನೋಡ್ತಾವ್ನೆ. ನನ್ ಕೆಳ್ಗಡೆ ನೋಡಕ್ಕೆ ಅಂತ ಇವ್ಳ ಕಟ್ಟಾಕ್ಕೊಳ್ಳನಾ?"

ಅರಿಶಿಣದ ಮಾತು ಬರೀ ನೆಪ ಎಂದು ನನಗೆ ಆಗ ತಿಳಿಯಿತು.

ನೋಡುವುದಕ್ಕೆ ನನಗೆ ಅಸಹ್ಯವಿರಲಿಲ್ಲ, ಭಯವಿತ್ತು. ನೋಡಿಯೂ ಗೊತ್ತಾಗದಿದ್ದರೆ? ಈ ಸಲವೂ ಸಾಕು ಎಂದವಳು ನಾನೇ ಆಗಿಬಿಟ್ಟರೆ?

"ನಾನು ನೋಡ್ತೀನಿ ಅತ್ತೆ. ಎಲ್ಲಿದ್ರೂ ಬಂದು ನೋಡ್ತೀನಿ," ಎಂದೆ.

ಡಾಕ್ಟರ್ ಹೇಳಿದಷ್ಟನ್ನೇ ತೆಗೆಯಲು ಅತ್ತೆ ಒಪ್ಪಿದರು; ಶಸ್ತ್ರಚಿಕಿತ್ಸೆ ಆಯಿತು. ಗ್ರಂಥಿಯ ವರದಿ ಬರುವ ಹತ್ತು ದಿನ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ಅದರಲ್ಲಿ ಏನೂ ಇರಲಿಲ್ಲ. ಆರನೆಯ ವಾರಕ್ಕೆ ಅತ್ತೆ ಹರದನಹಳ್ಳಿಯ ಮನೆಯಲ್ಲಿ ನೆಲದ ಮೇಲೆ ಕೂತು ಪೂಜೆ ಮಾಡಿದರು.

ಎರಡನೆಯ ತಿಂಗಳು ನೋಡುವ ದಿನ ಬಂತು. ಬಾಗಿಲಿಗೆ ಚಿಲಕ ಹಾಕಿ ಕಿಟಕಿಯ ಬೆಳಕಿಗೆ ಮಲಗಿಸಿದೆ. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಗಾಯದ ಗೆರೆ ಬೆರಳಿನಷ್ಟೂ ಉದ್ದವಿರಲಿಲ್ಲ. ಅದರ ಪಕ್ಕದಲ್ಲಿ ಎಳ್ಳಿನಷ್ಟು ಕೆಂಪು. ಹೋದ ತಿಂಗಳು ಇರಲಿಲ್ಲ. ಹೊಲಿಗೆಯ ಗುರುತೋ, ಬೆವರುಗುಳ್ಳೆಯೋ.

"ಏನೈತೆ? ಹೇಳು."

ಏನೂ ಇಲ್ಲ ಎನ್ನುವುದು ಸುಲಭವಾಗಿತ್ತು.

"ಒಂದು ಕೆಂಪು ಚುಕ್ಕೆ ಇದೆ ಅತ್ತೆ. ಏನು ಅಂತ ಗೊತ್ತಾಗ್ತಿಲ್ಲ."

ಅವರು ಮುಖದಿಂದ ಸೆರಗು ಸರಿಸಿ ಎದ್ದು ಕೂತರು.

"ಒಂಬತ್ತರ ಬಸ್ಸಿಗೆ ಡಾಕ್ಟರ್ ತಾವ್ಕೆ ಓಗನ," ಎಂದರು. "ಆ ಹಸಿರು ಸೀರೆ ಕೊಡು."