ಮೇಧಾ ತರುವ ಮಾತು

ಚಟ್ನಿ ಇನ್ನೂ ತರಿತರಿಯಾಗಿದ್ದಾಗಲೇ ಕರೆಂಟು ಹೋಯಿತು. ಮಿಕ್ಸಿಯ ಗರಗರ ನಿಂತಿತು, ಹಾಲ್‌ನ ಟೀವಿಯೂ ಬಾಯಿ ಮುಚ್ಚಿತು. ಗೋಪಾಳ ಬಡಾವಣೆಯ ಆ ಮನೆಯಲ್ಲಿ ಭಾನುವಾರದ ಬೆಳಗು ಇಷ್ಟು ನಿಶ್ಶಬ್ದವಾಗಿದ್ದುದೇ ಇಲ್ಲ. ಕಾವಲಿಯ ಮೇಲಿನ ಅಕ್ಕಿರೊಟ್ಟಿಗೆ ಎಣ್ಣೆ ಬಿಡುತ್ತಿದ್ದ ಭವಾನಿಗೆ ಹಾಲ್‌ನಲ್ಲಿ ಮಗಳು ಆಡುತ್ತಿದ್ದ ಮಾತು ಸ್ಪಷ್ಟವಾಗಿ ಕೇಳಿಸಿತು.

"ಅಪ್ಪಾ, ಮಧ್ಯಾಹ್ನ ಭದ್ರಾವತಿಗೆ ಅಜ್ಜಿ ಮನೆಗೆ ಹೋಗೋಣ್ವಂತೆ. ನೀನೂ ಬಂದ್ರೆ ಅಮ್ಮಂಗೆ ಖುಷಿ ಅಂತೆ."

ಭವಾನಿ ಹೇಳಿ ಕಳಿಸಿದ್ದು ಅದಲ್ಲ. "ನಾನು ಅಮ್ಮನ ಮನೆಗೆ ಹೋಗ್ತಿದೀನಿ, ಬರೋದು ಬಿಡೋದು ಅವರಿಷ್ಟ ಅಂತ ಹೇಳು" ಎಂದಿದ್ದಳು.

"ನಂಗೆ ಪುರುಸೊತ್ತಿಲ್ಲ. ಅವಳಿಗೆ ದಾರಿ ಗೊತ್ತಿದ್ಯಲ್ಲ, ಹೋಗ್ಲಿ ಅನ್ನು." ಅದು ಗಂಡ ಮಧುಸೂದನನ ದನಿ.

ಎಂಟು ವರ್ಷದ ಮೇಧಾ ಅಡುಗೆಮನೆಯ ಬಾಗಿಲಿಗೆ ಬಂದಳು. ಒಳಗೆ ಕಾಲಿಡುವ ಮೊದಲು, ಪಾಠ ಒಪ್ಪಿಸಲು ನಿಂತವಳಂತೆ ತುಟಿ ಅಲ್ಲಾಡಿಸಿದಳು. ಆಮೇಲೆ ನಗುತ್ತಾ, "ಅಪ್ಪಂಗೂ ಬರೋಕೆ ಆಸೆ ಇತ್ತಂತೆ ಅಮ್ಮ. ಪಾಪ, ಕೆಲ್ಸ ಇದ್ಯಂತೆ. ಹುಷಾರಾಗಿ ಹೋಗ್ಬಾ ಅಂದ್ರು" ಎಂದಳು.

ರೊಟ್ಟಿ ಸೀದ ವಾಸನೆ ಬಂತು.

ಹೋದ ತಿಂಗಳು ಹೊಳೆಹೊನ್ನೂರಿನ ನೆಂಟರ ಮನೆ ಮುಂಜಿಯಲ್ಲಿ, ಊಟದ ಪಂಕ್ತಿಯಲ್ಲಿ ಕೂತು ಮಧುಸೂದನ, "ನಮ್ಮವಳ ಹತ್ರ ದಾರಿ ಕೇಳಿದ್ರೆ ಭದ್ರಾವತಿಗೆ ಹೋಗೋರು ಉಲ್ಟಾ ದಿಕ್ಕಿನ ಆಯನೂರು ಸೇರ್ತಾರೆ ಮಾರಾಯ" ಎಂದು ಎಲ್ಲರನ್ನೂ ನಗಿಸಿದ್ದ. ಅಂದಿನಿಂದ ಭವಾನಿ ಅವನೊಡನೆ ನೇರವಾಗಿ ಮಾತಾಡಿಲ್ಲ. ಜಗಳವನ್ನೂ ಆಡಿಲ್ಲ. ಮಗುವಿನ ಎದುರು ದನಿ ಎತ್ತಲಿಲ್ಲವೆಂದು ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಮಗಳ ಬಾಯಲ್ಲಿ ಹೇಳಿ ಕಳಿಸುವುದು ಅವಳ ತವರಿನ ರೂಢಿಯೇ. ಭದ್ರಾವತಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ತಾಯಿ ಜಗದಾಂಬಾ ತಮ್ಮ ಅತ್ತೆಯ ಎದುರು ಗಂಡನನ್ನು ಕರೆಯುತ್ತಿರಲಿಲ್ಲ. "ಊಟಕ್ಕೆ ಏಳ್ಬೇಕಂತೆ ಅಂತ ಅಪ್ಪಂಗೆ ಹೇಳೇ" ಎಂದು ಭವಾನಿಯನ್ನು ಓಡಿಸುತ್ತಿದ್ದರು. ಅವಳು ಕುಣಿಯುತ್ತಾ ಹೋಗಿ ಹೇಳಿದ್ದನ್ನೇ ಹೇಳಿ ಬರುತ್ತಿದ್ದಳು. ಒಂದಕ್ಷರ ಬದಲಿಸಬೇಕೆಂದು ಎಂದೂ ಅನಿಸಿರಲಿಲ್ಲ. ಇದೂ ಅದೇ ತಾನೇ? ಹಾಗಿದ್ದರೆ ಮೇಧಾ ಯಾಕೆ ಬಾಗಿಲಲ್ಲಿ ನಿಂತು ಮಾತು ಜೋಡಿಸಿಕೊಳ್ಳುತ್ತಾಳೆ?

ಮೊನ್ನೆ, "ಆ ಹಸಿರು ಸೀರೆ ನಿಂಗೆ ಚೆನ್ನಾಗಿ ಕಾಣತ್ತೆ ಅಂದ್ರು ಅಪ್ಪ" ಎಂದಿದ್ದಳು. ಭವಾನಿ ಮುಖ ಬಿಗಿದುಕೊಂಡೇ ಆ ಸೀರೆಯನ್ನು ಮತ್ತೆ ಇಸ್ತ್ರಿಗೆ ಕೊಟ್ಟಿದ್ದಳು. ಅದು ಯಾರ ಮಾತು? ಗುರುವಾರದ ಸಾರನ್ನು ಹೊಗಳಿದ್ದು ಯಾರು? ಇತ್ತೀಚೆಗೆ ತನ್ನ ಸಿಟ್ಟು ಇಳಿಯುತ್ತಿದೆ ಎಂದುಕೊಂಡಿದ್ದಳು. ಇಳಿಸಿದ್ದು ಅವನೋ, ಈ ಹುಡುಗಿಯೋ ಎಂದು ತಿಳಿಯದೆ ಸಟ್ಟುಗ ಹಿಡಿದು ನಿಂತಳು.

"ಈಗ ಅಪ್ಪಂಗೆ ಏನು ಹೇಳ್ಲಿ?" ಮೇಧಾ ಹೊರಡಲು ತಯಾರಾಗಿದ್ದಳು.

"ಏನೂ ಬೇಡ. ಕೂತ್ಕೊಂಡು ತಿನ್ನು."

ಮಗಳ ನಗು ಆರಿತು. "ಏನೂ ಇಲ್ವಾ? ಕೋಪ ಬಂತಾ ನಿಂಗೆ? ಒಂದೇ ಒಂದು ಹೇಳಮ್ಮ, ಹೋಗಿ ಬರ್ತೀನಿ."

ಭವಾನಿಗೆ ದಿಕ್ಕು ತೋಚಲಿಲ್ಲ. ಕಳಿಸಿದರೆ ಮಗು ಸುಳ್ಳು ಹೊರಬೇಕು, ಕಳಿಸದಿದ್ದರೆ ಹೆದರುತ್ತದೆ. ತಾನೇ ಹೋದರೆ ಅವನೆದುರು ಏನು ಮಾತಾಡುವುದು? ಪಂಕ್ತಿಯ ಆ ನಗು ಇನ್ನೂ ಚುಚ್ಚುತ್ತಿದೆ. ಅದು ಚುಚ್ಚಿದೆ ಎಂಬುದಾದರೂ ಅವನಿಗೆ ಗೊತ್ತಿದೆಯೋ ಇಲ್ಲವೋ.

ಕರೆಂಟು ಬಂತು. ಟೀವಿ ಕಿರುಚಿತು, ಮಿಕ್ಸಿ ತಾನಾಗಿಯೇ ತಿರುಗತೊಡಗಿತು. ಭವಾನಿ ಅದರ ಸ್ವಿಚ್ ಆರಿಸಿ, ಸೀದ ರೊಟ್ಟಿ ಪಕ್ಕಕ್ಕಿಟ್ಟು, ಮೊದಲೇ ಬೆಂದಿದ್ದವುಗಳಲ್ಲಿ ಎರಡನ್ನು ತಟ್ಟೆಗೆ ಹಾಕಿದಳು.

"ಕೊಡು, ಅಪ್ಪಂಗೆ ನಾನು ಕೊಟ್ಟು ಬರ್ತೀನಿ," ಮೇಧಾ ಕೈ ಚಾಚಿದಳು.

"ಇದು ನಿಂದು ಕಣೇ."

ಅವಳ ಮುಂದೆ ತಟ್ಟೆ ಇಟ್ಟು, ಉಳಿದವನ್ನು ಇನ್ನೊಂದು ತಟ್ಟೆಗೆ ಹಾಕಿದಳು. ಒಳ್ಳೆಯ ಮಾತೋ ಸಿಟ್ಟಿನ ಮಾತೋ, ಇನ್ನು ಮೇಲೆ ಅವನಿಗೆ ಹೇಳಬೇಕಾದದ್ದನ್ನು ತಾನೇ ಹೋಗಿ ಹೇಳುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಮೊದಲ ಮಾತು ಯಾವುದೆಂದು ಇನ್ನೂ ಹೊಳೆದಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ತಟ್ಟೆ ಎತ್ತಿಕೊಂಡು ಹಾಲ್‌ನತ್ತ ಹೊರಟಳು.