ಗುಂಡು ಬೇರೆ, ತೋಟಾ ಬೇರೆ

ಬೇಟೆಯ ಕಾಲ ಹತ್ತಿರ ಬಂತೆಂದರೆ ಮೊಂಟಾನಾದ ನಮ್ಮ ಡ್ರೈ ಫೋರ್ಕ್ ಊರಿನಲ್ಲಿ ಎಲ್ಲರದ್ದೂ ಒಂದೇ ಗೋಳು. ಮಕ್ಕಳು ಮೊಮ್ಮಕ್ಕಳು ಬೇರೆ ರಾಜ್ಯದಲ್ಲಿ. ಅವರ ಕೈಯಲ್ಲಿರುವುದು ಅಜ್ಜನ ಹಳೆಯ ಕೋವಿ. ಅದಕ್ಕೆ ಹೊಂದುವ ತೋಟಾ ಅಲ್ಲಿನ ಅಂಗಡಿಯಲ್ಲಿಲ್ಲ, ಅಜ್ಜನ ನೆಲಮಾಳಿಗೆಯಲ್ಲಿ ಬೇಕಾದಷ್ಟಿದೆ. ಕಳಿಸುವುದು ಹೇಗೆ?

ಅಕ್ಟೋಬರಿನ ಒಂದು ಬೆಳಿಗ್ಗೆ ಕೆಫೆಯ ಕಿಟಕಿ ಮೇಜಿನಲ್ಲಿ ಇದೇ ಮಾತು ಬಂತು. ಕೂತಿದ್ದವರು ಮೂವರು. ದನ ಸಾಕಿ ಈಗ ಮಗನಿಗೆ ಬಿಟ್ಟುಕೊಟ್ಟ ಮುದುಕ ಹಾಲ್ವರ್ ಟ್ವೇಟ್. ಸೀಸ ಕರಗಿಸಿ ಗುಂಡು ಎರಕ ಹೊಯ್ಯುವ ಡೆಲ್ಮರ್. ಕೋವಿ ಅಂಗಡಿ ಇಟ್ಟುಕೊಂಡು, ಹೊಸ ಬೇಟೆಗಾರರಿಗೆ ಸುರಕ್ಷತೆಯ ಪಾಠ ಹೇಳುವ ಟ್ವೈಲಾ.

"ಸಿಗ್ನೆಗೆ ಎಲ್ಕ್ ಚೀಟಿ ಎದ್ದಿದೆ," ಅಂದ ಹಾಲ್ವರ್. ಎಲ್ಕ್ ಅನ್ನುವ ದೊಡ್ಡ ಜಿಂಕೆ ಹೊಡೆಯಬೇಕಾದರೆ ಸರಕಾರ ಎತ್ತುವ ಚೀಟಿಯಲ್ಲಿ ಹೆಸರು ಬರಬೇಕು. ಸಿಗ್ನೆ ಅವನ ಮೊಮ್ಮಗಳು, ವಯೋಮಿಂಗ್‌ನಲ್ಲಿದ್ದಾಳೆ. "ಎಷ್ಟು ವರ್ಷ ಅರ್ಜಿ ಹಾಕಿದ್ಲು ಹುಡುಗಿ! ನನ್ನ ಕೋವೀಲೇ ಹೊಡೀತಾಳಂತೆ. ನಾನೇ ಕೂತು ತುಂಬಿದ ತೋಟಾ ಇವತ್ತೇ ಪೋಸ್ಟಿಗೆ ಹಾಕ್ತೀನಿ."

ಟ್ವೈಲಾ ಕಾಫಿ ಲೋಟ ಕೆಳಗಿಟ್ಟಳು. "ಎಲ್ಲಿಗೆ ಹಾಕ್ತೀಯ?"

"ಪೋಸ್ಟಿಗೆ. ಒಂದೇ ದರದ ಡಬ್ಬ ಇದೆಯಲ್ಲ, ಅದರಲ್ಲಿ. ಬಂಡೆ ತುಂಬಿದ್ರೂ ದರ ಅಷ್ಟೇ."

"ಬಂಡೆ ತುಂಬು, ಯಾರು ಬೇಡ ಅಂದ್ರು? ತೋಟಾ ತುಂಬಬೇಡ. ಅಂಚೆಯಲ್ಲಿ ತೋಟಾ ಕಳಿಸೋ ಹಾಗೇ ಇಲ್ಲ. ಅದು ಅಪರಾಧ."

ಹಾಲ್ವರ್ ನಕ್ಕ. "ಡೆಲ್ಮರ್, ನೀನು ಗುಂಡು ಕಳಿಸಲ್ವೇನೋ?"

"ಕಳಿಸ್ತೀನಪ್ಪ," ಅಂದ ಡೆಲ್ಮರ್, ಬಾಯಿ ತುಂಬ ಆಪಲ್ ಪೈ ಇಟ್ಟುಕೊಂಡು. "ಅದೇ ಡಬ್ಬ. ಪೋಸ್ಟ್‌ಮನ್ ಬೆನ್ನು ಹಿಡ್ಕೊಂಡು ಬೈತಾನೆ, ಅಷ್ಟೇ."

"ಕೇಳಿದ್ಯಾ?"

"ಅವನು ಕಳಿಸೋದು ಬರೀ ಸೀಸ ಹಾಲ್ವರ್. ಕೇಪಿಲ್ಲ, ಮದ್ದಿಲ್ಲ. ನೀನು ಕಳಿಸ್ತಿರೋದು..."

"ಗುಂಡು ಅಂದ್ರೆ ಗುಂಡು ಕಣಮ್ಮ. ನಿನ್ನ ಅಂಗಡಿಗೆ ಬರಲಿಲ್ಲ ಅಂತ ಹೊಟ್ಟೆಯುರಿ, ಬೇರೇನಿಲ್ಲ."

ಗಂಡಸರಿಬ್ಬರೂ ನಕ್ಕರು. ಟ್ವೈಲಾ ಮಾತ್ರ ನಗಲಿಲ್ಲ. ಅಂಗಡಿ ತೆಗೆಯುವ ಹೊತ್ತಾಗಿತ್ತು, ಎದ್ದು ಹೋದಳು.

ನಮ್ಮೂರಿನವರ ತಪ್ಪೇ ಇದು. ಗೋಡೆಗೆ ತಾಗಿ ಬಿದ್ದ ಸೀಸದ ತುಂಡೂ ನಮಗೆ ಗುಂಡು, ಜೇಬಿನಲ್ಲಿರುವ ತುಂಬಿದ ತೋಟಾವೂ ಗುಂಡು. ಒಂದೇ ಮಾತಿನಲ್ಲಿ ಎರಡನ್ನೂ ಕರೆದು ಕರೆದು, ಎರಡೂ ಒಂದೇ ಎಂದು ನಂಬಿಬಿಟ್ಟಿದ್ದೇವೆ.

ಮನೆಗೆ ಬಂದು ಹಾಲ್ವರ್ ತೋಟಾಗಳನ್ನು ಖಾಲಿ ಕಾಫಿ ತಗಡಿನ ಡಬ್ಬಕ್ಕೆ ಸುರಿದ. ಜೋಳ ಸುರಿದ ಹಾಗೆ. ಒಂದರ ಚೂಪು ಮೂತಿ ಇನ್ನೊಂದರ ಬೆನ್ನಿಗೆ. ಆ ಬೆನ್ನಿನಲ್ಲೇ ಕೇಪು ಇರುವುದು. ಕೋವಿಯ ಸೂಜಿ ಬಡಿಯುವುದು ಅಲ್ಲಿಗೇ, ತೋಟಾ ಹಾರುವುದು ಅಲ್ಲಿಂದಲೇ. ಐವತ್ತು ವರ್ಷ ಬೇಟೆ ಆಡಿದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಯೋಚನೆ ಮಾಡಲಿಲ್ಲ.

"ಗಲಗಲ ಅಂತಿದೆ," ಅಂದಳು ಹೆಂಡತಿ ವೆರ್ನಾ.

"ಏನಾದ್ರೂ ತುರುಕು."

ವೆರ್ನಾ ತಾನೇ ಹೆಣೆದ ಉಣ್ಣೆಯ ಕಾಲುಚೀಲ ಒಂದು ಜೊತೆ ತಂದು ಡಬ್ಬದೊಳಗೆ ತುರುಕಿದಳು. ಬೂದು ಬಣ್ಣ, ಮೇಲೊಂದು ಕೆಂಪು ಪಟ್ಟಿ. ಮನೆಮಂದಿಗೆಲ್ಲ ಅವಳು ಹೆಣೆಯುವುದು ಅದೊಂದೇ ಬಗೆ. "ತೋಟಾನ ಪೋಸ್ಟಲ್ಲಿ ಕಳಿಸಬಹುದು ತಾನೆ?" ಎಂದು ಕೇಳಿದಳು.

"ಡೆಲ್ಮರ್ ಕಳಿಸ್ತಾನೆ," ಅಂದ ಹಾಲ್ವರ್. ಮುಚ್ಚಳ ಒತ್ತಿ, ತಗಡಿನ ಡಬ್ಬವನ್ನು ಅಂಚೆಯ ರಟ್ಟಿನ ಡಬ್ಬದಲ್ಲಿಟ್ಟು ಅಂಟಿಸಿದ.

ಅಂಚೆ ಕಚೇರಿಯಲ್ಲಿ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವನಿಗೂ ಕೇಳಿದರು. ಒಡೆಯೋದು, ಸೋರೋದು, ಉರಿಯೋದು, ಅಪಾಯದ್ದು ಏನಾದ್ರೂ ಇದೆಯಾ?

"ಏನಿಲ್ಲ. ಗುಂಡು."

"ಡೆಲ್ಮರ್ ಕಳಿಸೋ ಥರದ್ದಾ? ಸೀಸ?"

"ಅದೇ ಅದೇ."

ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನಿಸಲೇ ಇಲ್ಲ. ಡಬ್ಬ ಒಳಗೆ ಹೋಯಿತು.

ಆ ವಾರದ ಕೊನೆಯಲ್ಲಿ, ಊಟದ ಹೊತ್ತಿಗೆ, ವೆರ್ನಾಳ ತಂಗಿ ಆರ್ಡಿಸ್ ಫೋನ್ ಮಾಡಿದಳು. ಆರ್ಡಿಸ್‌ಳ ಮಗಳು ಕಾರ್ಲಿಸ್ ನಗರದಲ್ಲಿ ಅಂಚೆ ಪಾರ್ಸಲ್ ವಿಂಗಡಿಸುವ ಕೆಲಸದಲ್ಲಿದ್ದಾಳೆ. ಮದುವೆಯಾಗಿ ವರ್ಷವಾಗಿಲ್ಲ.

"ಅಕ್ಕಾ, ಕಾರ್ಲಿಸ್ ಆಸ್ಪತ್ರೇಲಿದಾಳೆ. ಕಣ್ಣು. ಯಾರೋ ಪಾರ್ಸಲ್‌ನಲ್ಲಿ ತೋಟಾ ತುಂಬಿ ಕಳಿಸಿದ್ನಂತೆ. ಡಬ್ಬ ಒಡೆದು, ಒಂದು ತೋಟಾ ರೋಲರಿಗೆ ಸಿಕ್ಕಿ ಸಿಡಿದಿದೆ. ಹಿತ್ತಾಳೆ ಚೂರು ಹೋಗಿ ಕಣ್ಣಿಗೇ..."

ವೆರ್ನಾ ಫೋನಿಗೆ ಕೈ ಅಡ್ಡ ಹಿಡಿದು ಗಂಡನಿಗೆ ಹೇಳಿದಳು. ಹಾಲ್ವರ್ ಮುಳ್ಳುಚಮಚವನ್ನು ತಟ್ಟೆಗೆ ಬಡಿದ.

"ಯಾವ ಕತ್ತೆ ನನ್ಮಗ ಅವನು? ತೋಟಾನ ಪಾರ್ಸಲ್‌ನಲ್ಲಿ ಕಳಿಸ್ತಾರಾ ಯಾರಾದ್ರೂ? ಅಂಥವನ ಕೈಗೆ ಕೋವಿ ಕೊಟ್ಟಿದ್ಯಾರು? ಒಳಗೆ ಹಾಕಿ ಕೊಳೆಸಬೇಕು ಅವನನ್ನ!"

ವೆರ್ನಾ ಫೋನನ್ನು ಮತ್ತೆ ಕಿವಿಗಿಟ್ಟಳು. "ಏನು ಡಬ್ಬ ಅಂದೆ?... ಕಾಫಿ ಡಬ್ಬಾನಾ?... ಅದರೊಳಗೆ?"

ಅವಳು ಮೆಲ್ಲಗೆ ತಲೆ ಬಗ್ಗಿಸಿ ಮೇಜಿನ ಕೆಳಗೆ ನೋಡಿದಳು. ಹಾಲ್ವರ್‌ನ ಕಾಲಲ್ಲಿ ಬೂದು ಬಣ್ಣದ ಕಾಲುಚೀಲ. ಮೇಲೊಂದು ಕೆಂಪು ಪಟ್ಟಿ.

ಅವನೂ ಬಗ್ಗಿ ನೋಡಿದ. ಬಾಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಫೋನಿನಲ್ಲಿ ಆರ್ಡಿಸ್ "ಅಕ್ಕಾ? ಅಕ್ಕಾ, ಇದೀಯಾ?" ಎನ್ನುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಕಾರ್ಲಿಸ್ ಮಂಚದ ಮೇಲೆ ಕೂತಿದ್ದಳು. ಎಡಗಣ್ಣಿನ ಮೇಲೆ ದಪ್ಪ ಪಟ್ಟಿ. ಚೂರು ತೆಗೆದಿದ್ದೇವೆ, ದೃಷ್ಟಿ ಎಷ್ಟು ಉಳಿಯುತ್ತದೆ ಎಂದು ಈಗಲೇ ಹೇಳಲಾಗದು ಎಂದಿದ್ದರು ಡಾಕ್ಟರ್. ಹಾಲ್ವರ್ ಬಾಗಿಲಲ್ಲೇ ನಿಂತ. ಟೋಪಿ ಕೈಯಲ್ಲಿತ್ತು.

"ಬಾ ದೊಡ್ಡಪ್ಪ, ಕೂತ್ಕೋ," ಅಂದಳು ಕಾರ್ಲಿಸ್.

"ಮಗಳೇ, ನಾನು..."

"ಮೊದಲು ನಾನು ಹೇಳ್ತೀನಿ, ನೀನು ಕೇಳು. ಭಾರಕ್ಕೆ ರಟ್ಟಿನ ಡಬ್ಬದ ತಳ ಕಿತ್ತುಹೋಯ್ತು, ಒಳಗಿದ್ದ ಕಾಫಿ ಡಬ್ಬ ಬಿದ್ದು ಮುಚ್ಚಳ ಹಾರ್ತು. ಬೆಲ್ಟಿನ ಮೇಲೆ ತೋಟಾ ಚೆಲ್ಲಾಡಿದ್ವು. ಬೆಲ್ಟ್ ನಿಲ್ಸೋಕೆ ಅಂತ ಕೈ ಚಾಚಿದೆ. ಪಟ್ ಅಂತು. ಸದ್ದೇನೂ ದೊಡ್ಡದಲ್ಲ. ಆದ್ರೆ ಯಾರೋ ಕೂಗಿದ್ರು, 'ಶೂಟ್ ಮಾಡ್ತಿದಾನೆ, ಶೂಟ್ ಮಾಡ್ತಿದಾನೆ' ಅಂತ. ಎಲ್ಲರೂ ನೆಲಕ್ಕೆ ಬಿದ್ರು. ಬಸುರಿ ಹೆಂಗಸೊಬ್ಬಳಿದ್ಲು, ಅವಳೂ ಬಿದ್ಲು. ಯಾರೋ ಕೋವಿ ಹಿಡ್ಕೊಂಡು ಒಳಗೆ ನುಗ್ಗಿದಾನೆ ಅಂತಲೇ ಎಲ್ಲ ತಿಳಿದಿದ್ದು. ಮೇಜಿನ ಕೆಳಗಿಂದ ಮಕ್ಕಳಿಗೆ ಫೋನ್ ಮಾಡಿ ಅಳ್ತಿದ್ರು. ನಾನೊಬ್ಬಳೇ ಈ ಕಣ್ಣನ್ನ ಕೈಯಿಂದ ಮುಚ್ಕೊಂಡು ನಿಂತಿದ್ದೆ. ನನ್ನ ಹತ್ರ ಬರೋಕೆ ಯಾರಿಗೂ ಧೈರ್ಯ ಇರಲಿಲ್ಲ."

ಹಾಲ್ವರ್ ಒಂದು ಹೆಜ್ಜೆ ಒಳಗೆ ಬಂದ. "ಅದು ನನ್ನ ಡಬ್ಬ," ಅಂದ.

"ಗೊತ್ತು ದೊಡ್ಡಪ್ಪ. ಇನ್ನೊಂದು ಕಣ್ಣು ಚೆನ್ನಾಗೇ ಇತ್ತಲ್ಲ. ಕಾಲುಚೀಲ ನೋಡಿದೆ. ದೊಡ್ಡಮ್ಮ ನನಗೂ ಅದನ್ನೇ ಹೆಣೆದು ಕೊಟ್ಟಿದಾರೆ."

ವೆರ್ನಾ ಮುಖ ಮುಚ್ಚಿಕೊಂಡಳು. ಕಾರ್ಲಿಸ್ ಅಳಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಪರವಾಗಿಲ್ಲ ಅನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಅಂಚೆ ಇಲಾಖೆಯ ತನಿಖೆಯವರು ಮನೆಗೆ ಬಂದರು. ಹಾಲ್ವರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಪ್ರಕರಣ ಇನ್ನೂ ಮುಗಿದಿಲ್ಲ. ಅಪರಾಧ ಸಾಬೀತಾದರೆ ಜೈಲೂ ಆಗಬಹುದು, ಮತ್ತೆಂದೂ ಕೋವಿ ಮುಟ್ಟದ ಹಾಗೂ ಆಗಬಹುದು ಎಂದು ವಕೀಲರು ಹೇಳಿದ್ದಾರೆ. ಅದನ್ನು ಯಾರಾದರೂ ಕೇಳಿದರೆ ಅವನು ಭುಜ ಕುಣಿಸುತ್ತಾನೆ. ಅವನು ಕೇಳುವುದು ಒಂದೇ: "ಕಾರ್ಲಿಸ್ ಕಣ್ಣು ಹೇಗಿದೆಯಂತೆ?"

ಒಂದು ದಿನ ಟ್ವೈಲಾ ಹಾಲ್ವರ್ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತಳು. ಡೆಲ್ಮರ್ ಕೂಡ ಬಂದು ಕೂತ. ಅವತ್ತಿನಿಂದ ಅವನಿಗೂ ಪೈ ರುಚಿಸುತ್ತಿರಲಿಲ್ಲ.

"ಹೇಳು," ಅಂದ ಹಾಲ್ವರ್. "ಅವತ್ತು ಅರ್ಧಕ್ಕೆ ಬಾಯಿ ಮುಚ್ಚಿಸಿದ್ನಲ್ಲ, ಅದನ್ನ ಈಗ ಪೂರ್ತಿ ಹೇಳು."

"ಹೇಳೋದೇನಿದೆ? ಸೀಸದ ತುಂಡು ಗುಂಡು. ಕೇಪು, ಮದ್ದು, ಗುಂಡು ಮೂರೂ ಸೇರಿದ್ರೆ ತೋಟಾ. ತೋಟಾನ ಅಂಚೆಯವರು ಮುಟ್ಟಲ್ಲ. ಒಂದೇ ಒಂದಿದ್ರೂ ಇಲ್ಲ, ಉಡುಗೊರೆ ಅಂದ್ರೂ ಇಲ್ಲ."

"ಹಾಗಾದ್ರೆ ಸಿಗ್ನೆಗೆ ಕಳಿಸೋ ದಾರೀನೇ ಇಲ್ವಾ?" ವೆರ್ನಾ ಕೇಳಿದಳು.

"ಇದೆ. ಖಾಸಗಿ ಪಾರ್ಸಲ್ ಕಂಪನಿಗಳಿವೆ. ಆದ್ರೆ ಒಬ್ಬೊಬ್ಬರದ್ದು ಒಂದೊಂದು ಕಾನೂನು. ಕೆಲವರು ಮೊದಲೇ ಒಪ್ಪಂದ ಮಾಡ್ಕೊಂಡವರಿಂದ ಮಾತ್ರ ತಗೋತಾರೆ. ಕೆಲವರು ದೊಡ್ಡ ಡಿಪೋದಲ್ಲಿ ಮಾತ್ರ ತಗೋತಾರೆ, ಊರಿನ ಕೌಂಟರಿನಲ್ಲಿ ಇಲ್ಲ. ವರ್ಷ ವರ್ಷ ಬದಲಾಗುತ್ತೆ. ಅದಕ್ಕೇ ಮೊದಲು ಫೋನ್ ಮಾಡಿ ಕೇಳೋದು. 'ತೋಟಾ ಇದೆ, ತಗೋತೀರಾ?' ಅಂತ ಬಾಯಿಬಿಟ್ಟು ಕೇಳೋದು."

"ಬೇಡ ಅಂದ್ರೆ?" ಅಂದ ಡೆಲ್ಮರ್.

"ಬೇಡ ಅಂದ್ರೆ ಬೇಡ. ಬಚ್ಚಿಟ್ಟು ಕಳಿಸೋದಲ್ಲ. ನನ್ನಂಥ ಪರವಾನಗಿ ಇರೋ ಅಂಗಡಿಯವರ ಕೈಲಿ ಕಳಿಸು. ಇಲ್ಲ, ನಿನ್ನ ಪಿಕಪ್ ಹತ್ತಿ ನೀನೇ ಕೊಟ್ಟು ಬಾ, ಕಾಲೇನು ಬಿದ್ದುಹೋಗಿಲ್ವಲ್ಲ. ಆದ್ರೂ ಎಲ್ಲಿಗೆ ಹೋಗ್ತಿದೆ ಅಂತ ನೋಡ್ಕೋ. ಕೆಲವು ರಾಜ್ಯಗಳಲ್ಲಿ ಮನೆ ಬಾಗಿಲಿಗೆ ತರಿಸೋ ಹಾಗಿಲ್ಲ, ಅಲ್ಲಿನ ಅಂಗಡಿ ಮೂಲಕವೇ ಹೋಗಬೇಕು. ವಯೋಮಿಂಗ್‌ಗೆ ಆ ತೊಂದರೆ ಇಲ್ಲ."

"ಕಟ್ಟೋದು ಹೇಗೆ?" ಅಂದ ಹಾಲ್ವರ್. ಮೆಲ್ಲಗೆ ಕೇಳಿದ.

ಟ್ವೈಲಾ ಚೀಲದಿಂದ ಒಂದು ಪೆಟ್ಟಿಗೆ ತೆಗೆದಳು. ಸಿಗ್ನೆಯ ಕೋವಿಗೆ ಹೊಂದುವ ಕಾರ್ಖಾನೆ ತೋಟಾ. ಎಲ್ಲೆಲ್ಲೋ ವಿಚಾರಿಸಿ, ಗೊತ್ತಿದ್ದ ವ್ಯಾಪಾರಿಯಿಂದ ತರಿಸಿದ್ದಳು. ಒಳಗೆ ಗೂಡುಗೂಡಾಗಿ ತಟ್ಟೆ. ಒಂದು ಗೂಡಿಗೆ ಒಂದೇ ತೋಟಾ, ಒಂದರ ಕೇಪಿಗೆ ಇನ್ನೊಂದು ತಾಗುವಂತಿಲ್ಲ.

"ಇದನ್ನ ಹಾಗೇ ಗಟ್ಟಿ ರಟ್ಟಿನ ಹೊಸ ಪೆಟ್ಟಿಗೇಲಿಡೋದು. ಅಲ್ಲಾಡದ ಹಾಗೆ ಸುತ್ತ ಕಾಗದ ತುಂಬೋದು. ತಳಕ್ಕೆ ಎರಡು ಸುತ್ತು ಟೇಪು. ಬೇರೇನೂ ಸೇರಿಸೋ ಹಾಗಿಲ್ಲ. ಕಾಲುಚೀಲಾನೂ ಬೇಡ ವೆರ್ನಾ."

ವೆರ್ನಾ ತಲೆ ಎತ್ತಲಿಲ್ಲ.

"ಒಟ್ಟು ತೂಕ ಮೂವತ್ತು ಕಿಲೋ ದಾಟಬಾರದು, ಕಂಪನಿಯವರು ಅದಕ್ಕೂ ಕಡಿಮೆ ಹೇಳಿದ್ರೆ ಅದೇ ಲೆಕ್ಕ. ವಿಮಾನಕ್ಕೆ ಹಾಕೋ ಹಾಗಿಲ್ಲ. ನೆಲದ ಮೇಲೆ ಹೋಗೋ ಲಾರಿ ಸಾಗಣೆ ಅಂತಲೇ ಹೇಳಿ ಕೊಡೋದು. ಹೊರಗೆ ಈ ಗುರುತು."

ಅವಳು ಒಂದು ಚೀಟಿ ಅಂಟಿಸಿ ತೋರಿಸಿದಳು. ಮೂಲೆಯ ಮೇಲೆ ನಿಂತ ಚೌಕ. ಮೇಲಿನ ಮೂಲೆ ಕಪ್ಪು, ಕೆಳಗಿನ ಮೂಲೆ ಕಪ್ಪು, ನಡುವೆ ಬಿಳಿ.

"ಒಳಗೆ ಎಚ್ಚರದ ಮಾಲಿದೆ ಅಂತ ಮುಟ್ಟೋರಿಗೆಲ್ಲ ಹೇಳೋ ಗುರುತು ಇದು. ಸೋರಿದ್ರೆ, ಹರಿದ್ರೆ ಏನು ಮಾಡಬೇಕು ಅಂತ ಅವರಿಗೆ ಆಗ ಗೊತ್ತಾಗುತ್ತೆ. ಹಾಂ, ಈ ಪೆಟ್ಟಿಗೆ ಖಾಲಿಯಾದ್ಮೇಲೆ ಇದರಲ್ಲಿ ಜಾಮ್ ಬಾಟ್ಲಿ ಕಳಿಸೋಕೆ ಹೋಗಬೇಡಿ. ಗುರುತು ಕಿತ್ತು ಎಸೀರಿ. ಸುಳ್ಳು ಗುರುತೂ ತಪ್ಪೇ."

"ನನ್ನ ಹೆಸರು ಬರೀಲಾ?" ಹಾಲ್ವರ್ ಕೇಳಿದ.

"ಬೇಡ. ವಿಚಾರಣೆ ಮುಗಿಯೋವರೆಗೆ ನೀನು ಇದರಿಂದ ದೂರ ಇರು ಅಂತ ವಕೀಲರು ಹೇಳಿಲ್ವಾ? ವೆರ್ನಾ ಹೆಸರಲ್ಲಿ ಹೋಗ್ಲಿ."

ವೆರ್ನಾಳೇ ಫೋನ್ ಮಾಡಿದಳು. ಊರಿನ ಪಾರ್ಸಲ್ ಕೌಂಟರಿನವರು ಆಗುವುದಿಲ್ಲ ಎಂದರು. ಇನ್ನೊಂದು ಕಂಪನಿಯವರು ಒಪ್ಪಂದ ಇದೆಯೇ ಎಂದು ಕೇಳಿ, ಇಲ್ಲ ಎಂದಾಗ ಫೋನ್ ಇಟ್ಟುಬಿಟ್ಟರು. ಮೂರನೆಯವರ ದೊಡ್ಡ ಡಿಪೋದವರು, ಕಟ್ಟಿದ್ದು ಸರಿಯಿದ್ದರೆ ತನ್ನಿ, ನೋಡಿ ಹೇಳುತ್ತೇವೆ ಎಂದರು. ಪಟ್ಟಿ ಬಿಚ್ಚಿಸಿಕೊಂಡು ಬಂದಿದ್ದ ಕಾರ್ಲಿಸ್ ಆಗ ದೊಡ್ಡಮ್ಮನ ಮನೆಯಲ್ಲೇ ಇದ್ದಳು. ಕೆಲಸಕ್ಕೆ ಇನ್ನೂ ಹೋಗುತ್ತಿರಲಿಲ್ಲ. ಪೆಟ್ಟಿಗೆ ಮೇಜಿನ ಮೇಲಿತ್ತು.

ಹಾಲ್ವರ್ ಅದನ್ನು ಅವಳ ಕಡೆಗೆ ತಿರುಗಿಸಿದ. "ಮಗಳೇ, ಈ ಗುರುತು ಕಾಣುತ್ತಾ?"

ಕಾರ್ಲಿಸ್ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು. ಎಡಗಣ್ಣಿನಿಂದ ಬಹಳ ಹೊತ್ತು ನೋಡಿದಳು.

"ಏನೋ ಕಪ್ಪಗಿದೆ ದೊಡ್ಡಪ್ಪ," ಅಂದಳು. "ಚೌಕ ಅಂತ ನೀನು ಹೇಳಿದ್ರೆ ಚೌಕ."

ಡೆಲ್ಮರ್ ಎದ್ದು, ಪೆಟ್ಟಿಗೆಯ ತಳಕ್ಕೆ ಇನ್ನೊಂದು ಸುತ್ತು ಟೇಪು ಹಾಕಿದ. ಬೇಕಿರಲಿಲ್ಲ. ಆದರೂ ಹಾಕಿದ.

ಇದನ್ನು ಓದುತ್ತಿರುವ ನೀವೂ ಈ ವಾರ ಯಾರಿಗೋ ತೋಟಾ ಕಳಿಸುವ ಯೋಚನೆಯಲ್ಲಿರಬಹುದು. ನಿಮ್ಮ ಡಬ್ಬ ಯಾರ ಕೈಯ ಮೇಲೆ ಹಾದುಹೋಗುತ್ತದೆ ಎಂದು ನಿಮಗೆ ಗೊತ್ತಿಲ್ಲ. ಹಾಲ್ವರ್‌ಗೂ ಗೊತ್ತಿರಲಿಲ್ಲ. ಅಂಚೆಗೆ ತೋಟಾ ಹಾಕಬೇಡಿ. ಕಂಪನಿಯವರನ್ನು ಮೊದಲು ಕೇಳಿ, ಗೂಡಿನ ತಟ್ಟೆಯಲ್ಲಿಟ್ಟು ಕಟ್ಟಿ, ಗುರುತು ಅಂಟಿಸಿ, ಲಾರಿಯಲ್ಲೇ ಕಳಿಸಿ. ಕೌಂಟರಿನಲ್ಲಿ ಒಳಗೇನಿದೆ ಎಂದು ಕೇಳಿದರೆ ಗುಂಡು ಎನ್ನಬೇಡಿ, ತೋಟಾ ಎನ್ನಿ. ಬೇಡ ಎಂದರೆ ವಾಪಸ್ ತನ್ನಿ. ಎಲ್ಕ್ ಮುಂದಿನ ವರ್ಷವೂ ಗುಡ್ಡದಲ್ಲಿರುತ್ತದೆ. ಕಾರ್ಲಿಸ್‌ಳ ಎಡಗಣ್ಣು ಮುಂದಿನ ವರ್ಷವೂ ಹಾಗೇ ಇರುತ್ತದೆ.